ಬೀಗರಿಗಾಗಿ ಹಾಕಿಸಿದ ಹಲ್ಲು

ತುಳಜಾಬಾಯಿಯ ಬಾಯೊಳಗಿನ ಗಡ್ಡೆಯನ್ನು ಹೈದರಾಬಾದಿನ ದವಾಖಾನೆಯಲ್ಲಿ ಕರೆಂಟು, ಅಂದರೆ ರೇಡಿಯೇಶನ್, ಕೊಟ್ಟು ಸುಟ್ಟಿದ್ದರು. ಅದಕ್ಕೂ ಮೊದಲು ಕೆಳಸಾಲಿನ ಮುಂದಿನ ಹಲ್ಲುಗಳನ್ನು ಕಿತ್ತಿದ್ದರು. ಮನೆಗೆ ಕಳಿಸುವಾಗ ಡಾಕ್ಟರು ಗಂಡಹೆಂಡಿರನ್ನು ಕೂರಿಸಿಕೊಂಡು ಹೇಳಿದ್ದರು: ಕ್ಯಾನ್ಸರ್ ಹೋಗಿದೆ, ಆದರೆ ಈ ದವಡೆಯ ಎಲುಬಿಗೆ ಇನ್ನು ಯಾರೂ ಕೈ ಹಚ್ಚಬಾರದು, ಹಚ್ಚಿದರೆ ಗಾಯ ಮಾಯುವುದಿಲ್ಲ. ಆಕೆಯ ಗಂಡ, ವಾಡಿಯ ಸಿಮೆಂಟ್ ಫ್ಯಾಕ್ಟರಿಯ ಫಿಟ್ಟರ್ ಅಂಬರಾಯ, ತಲೆಯಾಡಿಸಿದ್ದೇ ಆಡಿಸಿದ್ದು.

ಕ್ವಾರ್ಟರ್ಸಿನಲ್ಲಿ ಯಾರಿಗೂ ರೋಗದ ಹೆಸರು ಹೇಳಲಿಲ್ಲ. ಹೇಳಿದ್ದರೆ ಅವರ ಮನೆಯ ನೀರನ್ನೂ ಜನ ಮುಟ್ಟುತ್ತಿರಲಿಲ್ಲ. ಅಷ್ಟರಲ್ಲಿ ಮಗಳು ಲಾಲಮ್ಮನಿಗೆ ಕೊಡ್ಲಿ ಊರಿನಿಂದ ಸಂಬಂಧ ಬಂತು, ಹುಡುಗ ಸಾಲಿ ಮಾಸ್ತರ. ನಿಶ್ಚಯಕ್ಕೆ ಬೀಗರು ಬರುವವರಿದ್ದಾಗ ಅಂಬರಾಯನ ಕಣ್ಣು ಹೆಂಡತಿಯ ಬೋಳುಬಾಯಿಯ ಮೇಲೆ ಬಿತ್ತು. ನಲವತ್ತು ದಾಟದ ಹೆಂಗಸಿಗೆ ಹಲ್ಲಿಲ್ಲವೆಂದರೆ ಬೀಗರು ಕೇಳದೆ ಬಿಡುತ್ತಾರೆಯೇ?

ಶಹಾಬಾದಿನ ಹಲ್ಲು ಕಟ್ಟುವ ಮೆಹತಾಬ್ ಎಲುಬಿಗೆ ಉಕ್ಕಿನ ಮೊಳೆ ಕೂಡಿಸಿ ಹಲ್ಲು ಹಾಕುತ್ತಿದ್ದ. ಅಂಬರಾಯ ಹೆಂಡತಿಯನ್ನು ಅವನ ಅಂಗಡಿಗೆ ಕರೆದೊಯ್ದ. ಪಾಪ, ಅವನದೇನೂ ತಪ್ಪಿಲ್ಲ. ಕೇಳಿಯೇ ಕೇಳಿದ.

“ಬಾಯಾಗ ಹಿಂದ ಗಡ್ಡಿ ಗಿಡ್ಡಿ ಆಗಿತ್ತೇನ್ರಿ? ಕರೆಂಟ್ ಕೊಟ್ಟಿದ್ರೇನು? ಖರೇ ಹೇಳ್ರಿ.”

“ಏನೂ ಇಲ್ಲರಿ. ಜಾರಿ ಬಿದ್ದು ಹಲ್ಲು ಮುರಕೊಂಡಾಳ,” ಎಂದ ಅಂಬರಾಯ. ಅವನ ಕಾಲು ಹೆಂಡತಿಯ ಪಾದವನ್ನು ಒತ್ತಿತು.

ತುಳಜಾಬಾಯಿ ಪಾದ ಹಿಂದಕ್ಕೆ ಎಳೆದುಕೊಂಡಳು. ಆದರೆ ಮಗಳ ಮುಖ ಕಣ್ಮುಂದೆ ಬಂತು. ಬಾಯಿ ತೆರೆದಳು, ಹೇಳುವುದಕ್ಕಲ್ಲ, ಮೊಳೆ ಹಾಕಿಸಿಕೊಳ್ಳುವುದಕ್ಕೆ.

ನಿಶ್ಚಯ ಸಾಂಗವಾಗಿ ಆಯಿತು, ಮದುವೆಯೂ ಆಯಿತು. ಲಾಲಮ್ಮ ಗಂಡನ ಮನೆ ಸೇರುವಷ್ಟರಲ್ಲಿ ಮೊಳೆಯ ಸುತ್ತ ಕೀವು ತುಂಬಿತ್ತು. ಹಲ್ಲು ಮೊಳೆಯ ಸಮೇತ ಕಳಚಿ ಬಿತ್ತು. ಗದ್ದದ ಚರ್ಮ ಒಡೆದು ಎಲುಬು ಹೊರಗೆ ಕಂಡಿತು. ಬಾಯಿ ಒಂದು ಬೆರಳು ಹೋಗುವಷ್ಟೂ ತೆರೆಯದಾಯಿತು, ಮಾತಂತೂ ನಿಂತೇ ಹೋಯಿತು. ಆಗ ಅಂಬರಾಯ ಆಕೆಯನ್ನು ಮತ್ತೆ ಹೈದರಾಬಾದಿಗೆ ಕರೆದೊಯ್ದ.

ಡಾಕ್ಟರು ನೋಡಿ ಸಿಡಿದರು. ಅರ್ಧ ದವಡೆ ತೆಗೆಯಬೇಕು, ಆಮೇಲೂ ಉಳಿಯುವ ಭರವಸೆ ಇಲ್ಲ ಎಂದರು. ಬೇಡವೆಂದರೂ ಮೊಳೆ ಹಾಕಿಸಿದವರು ಯಾರು ಎಂದು ಕೇಳಿದರು.

“ಆಕಿನೇ ಹೋಗಿ ಹಾಕಿಸ್ಕೊಂಡಾಳ್ರಿ ಸಾಹೇಬ್ರ,” ಎಂದ ಅಂಬರಾಯ. “ಮಗಳ ಮದಿವ್ಯಾಗ ಚಂದ ಕಾಣಬೇಕಂತ. ನಾ ಭಾಳ ಹೇಳ್ದೆ, ಕೇಳಲಿಲ್ಲ.”

“ಈ ವಯಸ್ಸಿನಲ್ಲಿ ಏನಮ್ಮ ನಿನ್ನ ಶೋಕಿ?” ಎಂದರು ಡಾಕ್ಟರು.

ತುಳಜಾಬಾಯಿಯ ಗಂಟಲಿನಿಂದ ಒಂದು ದನಿ ಹೊರಟಿತು, ಮಾತಾಗಲಿಲ್ಲ. ಕೀವು ಮಾತ್ರ ಗದ್ದಕ್ಕೆ ಇಳಿಯಿತು. ಅಂಬರಾಯ ಬಹಳ ಅಕ್ಕರೆಯಿಂದ ಟವೆಲ್ ತೆಗೆದು ಒರೆಸಲು ಬಂದ. ಆಕೆ ಇದ್ದಬದ್ದ ಬಲವನ್ನೆಲ್ಲ ಹಾಕಿ ಆ ಕೈಯನ್ನು ಕೊಡವಿದಳು.

“ಬ್ಯಾನಿ ಆಗ್ಯದಲ್ರಿ,” ಎಂದು ಅಂಬರಾಯ ಡಾಕ್ಟರತ್ತ ನೋಡಿ ನಕ್ಕ, “ಸಿಟ್ಟು ಜಾಸ್ತಿ.”