ಮುಂಗೈ ಮೇಲಿನ ಕೂಗು

ಮೈಲೇಶನಿಗೆ ನೀರೆಂದರೆ ಹೆದರಿಕೆ. ನೀರಿನಲ್ಲಿ ಮುಳುಗಿ ಹೊಟ್ಟೆ ಹೊರೆಯುವವನಿಗೆ ಇದು ಇರಬಾರದ ಗುಣವೆಂದು ಅವನ ಹೆಂಡತಿಯ ತವರಿನವರ ಅಭಿಪ್ರಾಯ; ಇರಲೇಬೇಕಾದ ಗುಣವೆಂದು ದಂಡೆಯ ಮೇಲೆ ನಿಂತು ಅವನ ಹಗ್ಗ ಹಿಡಿಯುವ ಮುಸ್ತಾಕನ ಅಭಿಪ್ರಾಯ. ಮೈಲೇಶನ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ.

ಮುರ್ಡೇಶ್ವರದಲ್ಲಿ ಪ್ರವಾಸಿಗಳ ಸಿಲಿಂಡರು ಹೊರುತ್ತ ಹೊರುತ್ತಲೇ ಮುಳುಗುವುದನ್ನು ಕಲಿತು, ಆ ವಿದ್ಯೆಯನ್ನು ಬ್ಯಾಡಗಿಗೆ ತಂದವನು ಅವನು. ಸಮುದ್ರವೇ ಇಲ್ಲದ ಜಿಲ್ಲೆಗೆ ಇದೇಕೆ ಎಂದು ಜನ ನಕ್ಕರು. ಆಮೇಲೆ ಹಲಗೇರಿ ಕಡೆ ಕೆರೆಗೆ ಟ್ರ್ಯಾಕ್ಟರ್ ಬಿದ್ದಾಗ ಅವನನ್ನೇ ಕರೆದರು. ಹೊಳೆಯಿಂದ ಊರಿಗೆ ನೀರೆತ್ತುವ ಜಾಕ್‌ವೆಲ್ಲಿನ ಬಾಯಿಗೆ ಕಸ ಸಿಕ್ಕಿಕೊಂಡಾಗಲೂ ಅವನನ್ನೇ ಕರೆದರು. ಹಾವೇರಿಯಿಂದ ಪೊಲೀಸರು ಫೋನು ಮಾಡಿ “ಒಂದು ಕೆಲಸ ಐತಿ, ಬಾ” ಎಂದಾಗ ಎಂಥ ಕೆಲಸವೆಂದು ಅವನು ಕೇಳುತ್ತಿರಲಿಲ್ಲ, ಅವರೂ ಹೇಳುತ್ತಿರಲಿಲ್ಲ. ಸಮುದ್ರದಲ್ಲಿ ಮೀನು ಕಾಣುತ್ತಿದ್ದವು. ಇಲ್ಲಿಯ ನೀರಿನಲ್ಲಿ ತನ್ನ ಕೈ ತನಗೆ ಕಾಣದು.

ಆ ಕಾಣದ ಕೈಗೆ ಅವನು ಕಟ್ಟಿಕೊಳ್ಳುತ್ತಿದ್ದದ್ದು ಡೈವ್ ಕಂಪ್ಯೂಟರು. ಮುಂಗೈ ಮೇಲೆ ಕೂತದ್ದನ್ನು ಕಂಪ್ಯೂಟರೆಂದು ಬ್ಯಾಡಗಿಯಲ್ಲಿ ಯಾರೂ ಒಪ್ಪದ ಕಾರಣ ಎಲ್ಲರೂ ಗಡಿಯಾರ ಎನ್ನುತ್ತಿದ್ದರು. ಎಷ್ಟು ಆಳಕ್ಕೆ ಇಳಿದಿದ್ದೇವೆ, ಸಿಲಿಂಡರಿನಲ್ಲಿ ಗಾಳಿ ಎಷ್ಟು ಉಳಿದಿದೆ ಎಂಬುದನ್ನೆಲ್ಲ ಅದು ತೋರಿಸುತ್ತಿತ್ತು. ಗಾಳಿ ಕಡಿಮೆಯಾದರೆ, ಇಲ್ಲವೆ ಗಡಬಡಿಸಿ ಮೇಲೇರಿದರೆ ಪಿಂ ಪಿಂ ಎಂದು ಕೂಗುತ್ತಲೂ ಇತ್ತು. ಹಲಗೇರಿಯ ಟ್ರ್ಯಾಕ್ಟರಿನ ದಿನ ಅದು ಮೊದಲ ಸಲ ಕೂಗಿತು. ಮೈಲೇಶ ಬೆಚ್ಚಿ, ಬಾಯಲ್ಲಿ ಕಚ್ಚಿದ್ದ ಗಾಳಿಯ ನಳಿಕೆ ಬಿಟ್ಟು, ಕೆರೆಯ ನೀರು ಕುಡಿದು, ಹೇಗೋ ಮೇಲೆ ಬಂದ. ಬಂದವನೇ ಗಡಿಯಾರದ ಗುಂಡಿಗಳನ್ನೊತ್ತಿ ದನಿಯನ್ನು ಆರಿಸಿಬಿಟ್ಟ.

ಇದರ ಮೇಲಿನ ವಾದ ರಾಣೇಬೆನ್ನೂರಿನ ಬಸ್‌ಸ್ಟ್ಯಾಂಡಿನ ಹಿಂದೆ, ಮಿರ್ಚಿ ಮಂಡಕ್ಕಿಯ ಅಂಗಡಿಯಲ್ಲಿ, ವರ್ಷವಿಡೀ ನಡೆಯಿತು.

“ಅಲ್ಲೋ ದೋಸ್ತ, ಒಳಗ ನಿನ್ನ ಕೈ ನಿನಗ ಕಾಣಂಗಿಲ್ಲ. ಗಡಿಯಾರ ಕಾಣತೈತೇನು?” ಎಂದು ಮುಸ್ತಾಕ್ ಶುರುಮಾಡುತ್ತಿದ್ದ.

“ಕಣ್ಣಿನ ಗ್ಲಾಸಿಗೆ ಹಚ್ಚಿ ಹಿಡದರ ಕಾಣತೈತಿ.”

“ಹಿಡೀಬೇಕಲ್ಲ! ಹೆದರಿದಾಂವ ಗಡಿಯಾರ ನೋಡಂಗಿಲ್ಲೋ. ಹೆದರಿದಾಂವ ದೇವರ ಕಡೆ ನೋಡತಾನ.”

“ಅದಕ್ಕ ಅದು ಒದರೂದು ಬ್ಯಾಡ ಅನ್ನೂದು. ಗಾಳಿ ಕಡಿಮಿ ಆತು ಅಂತ ಅದು ಒದರತೈತಿ, ನಾ ಹೆದರಿ ಇದ್ದ ಗಾಳೀನೂ ಗಟಗಟ ಕುಡದು ಮುಗಸತೇನಿ. ಯಾರಿಗೆ ಲಾಭ?”

“ಸೀಟಿ ಕಿತ್ತ ಕುಕ್ಕರಿನ್ಯಾಗ ಬ್ಯಾಳಿ ಇಟ್ಟಂಗಾತು ನಿಂದು.”

“ಸೀಟಿ ಹೊಡದಾಗ ಕುಕ್ಕರಿನ ಒಳಗ ಇರಾಂವ ನಾನಲೇ. ನೀ ಅಲ್ಲ.”

ಇದಕ್ಕೆ ಮುಸ್ತಾಕ್ ಇನ್ನೊಂದು ಮಿರ್ಚಿ ತರಿಸುತ್ತಿದ್ದ. ಕೊನೆಗೆ ಒಂದು ಒಪ್ಪಂದವಾಯಿತು. ಮೈಲೇಶನ ಸೊಂಟದ ಹಗ್ಗವನ್ನು ಮುಸ್ತಾಕ್ ಆಗಾಗ ಎರಡು ಸಲ ಜಗ್ಗಬೇಕು. ಗಡಿಯಾರ ನೋಡು ಎಂದು ಅದರರ್ಥ. ಮೈಲೇಶ ನೋಡಿ, ಎಲ್ಲ ಸರಿಯಿದೆ ಎಂದು ತಿರುಗಿ ಎರಡು ಸಲ ಜಗ್ಗಬೇಕು. ಹಗ್ಗ ಕೂಗುವುದಿಲ್ಲ, ಯಾರನ್ನೂ ಹೆದರಿಸುವುದಿಲ್ಲ. ಮೈಲೇಶನಿಗೆ ಸಮಾಧಾನವಾಯಿತು.

ಮಹಾನವಮಿ ಬಂತು. ಖಂಡೇಪೂಜೆಯೆಂದರೆ ಅವನ ಅವ್ವ ಮುದುಕವ್ವನಿಗೆ ಮನೆಯ ಕಬ್ಬಿಣವೆಲ್ಲ ದೇವರೇ. ಮಣೆಯ ಮೇಲೆ ಕುಡಗೋಲು, ಈಳಿಗೆ, ಸೊಸೆ ಭುವನಾಳ ಹೊಲಿಗೆ ಯಂತ್ರದ ಕತ್ತರಿ, ಮಿಕ್ಸರು, ಬೈಕಿನ ಕೀಲಿ; ನಡುವೆ ವಿಭೂತಿ ಬಳಿದುಕೊಂಡು ಸಣ್ಣ ಸ್ವಾಮಿಗಳ ಹಾಗೆ ನಿಂತ ಸಿಲಿಂಡರು; ಅದರ ಕಾಲ ಹತ್ತಿರ ಗಡಿಯಾರ. ತೀರಿಕೊಂಡ ಗಂಡ ಲಾರಿ ಓಡಿಸುತ್ತಿದ್ದ ಕಾಲದಿಂದ ಮುದುಕವ್ವ ಒಂದು ನಿಯಮ ಇಟ್ಟುಕೊಂಡಿದ್ದಳು: ಪೂಜೆ ಮುಗಿದ ಮೇಲೆ ಪ್ರತಿಯೊಂದು ಸಾಮಾನೂ ಒಮ್ಮೆ ದನಿ ತೆಗೆಯಬೇಕು. ಲಾರಿಯಿದ್ದಾಗ ಹಾರನ್ನು ಹೊಡೆಸುತ್ತಿದ್ದಳು. ಈಗ ಮಿಕ್ಸರು ಗುರ್ರೆನ್ನಬೇಕು, ಹೊಲಿಗೆ ಯಂತ್ರ ಒಂದು ಸುತ್ತು ಓಡಬೇಕು, ಕತ್ತರಿ ಕಚಕ್ ಎನ್ನಬೇಕು. ದನಿ ತೆಗೆದ ಮೇಲೆ ಮರುದಿನದವರೆಗೆ ಯಾವುದನ್ನೂ ಮುಟ್ಟುವಂತಿಲ್ಲ. ಮೈಲೇಶ ಅಂಗಳದಲ್ಲಿ ಬೈಕಿನ ಹಾರನ್ನು ಹೊಡೆದು ತನ್ನ ಪಾಲಿನ ಭಕ್ತಿ ಮುಗಿಸಿ, ಕಬ್ಬು ತರಲು ನಡೆದೇ ಪೇಟೆಗೆ ಹೋದ.

ಮರುದಿನ ದಶಮಿ. ಬನ್ನಿ ಮುಡಿಯುವ ಮೊದಲೇ ಫೋನು ಬಂತು. ಗುತ್ತಲದ ಆಚೆ ಹೊಳೆದಂಡೆಯ ಜಾಕ್‌ವೆಲ್ಲಿನಲ್ಲಿ ಪಂಪು ನೋಡಿಕೊಳ್ಳುವ ಲಕ್ಕಪ್ಪನದು. “ಜಾಳಿಗಿ ಪೂರಾ ಕಟ್ಟೈತ್ರಿ. ಹಬ್ಬದ ದಿನ ಇಡೀ ಊರು ಜಳಕಿಲ್ಲದ ಕುಂತೈತಿ. ಲಗೂ ಬರ್ರಿ.”

ಮೈಲೇಶ ಮಣೆಯ ಮೇಲಿನ ಗಡಿಯಾರ ತೆಗೆದುಕೊಂಡ. ಕುಂಕುಮ ಇನ್ನೂ ಹಾಗೆಯೇ ಇತ್ತು. ಒರೆಸಿ ಜೇಬಿಗಿಟ್ಟ.

ಜಾಕ್‌ವೆಲ್ಲಿನಲ್ಲಿ ಇವರದೊಂದು ಕ್ರಮವಿತ್ತು. ಮೈಲೇಶ ನೀರಿಗೆ ಇಳಿಯುವ ಮೊದಲು ಪಂಪಿನ ಫ್ಯೂಸುಗಳನ್ನು ಕಿತ್ತು ಮುಸ್ತಾಕನ ಜೇಬಿಗೆ ಹಾಕಬೇಕು. ಕೊಳವೆಯ ಬಾಯಿಗೆ ಕೂರಿಸಿದ ಸರಳಿನ ಜಾಳಿಗೆಯ ಎದುರಿಗೆ ಮನುಷ್ಯನಿದ್ದಾಗ ಪಂಪು ಶುರುವಾದರೆ, ಅದು ನೀರು ಯಾವುದು ಮನುಷ್ಯ ಯಾರು ಎಂದು ವಿಚಾರಿಸುವುದಿಲ್ಲ. ಲಕ್ಕಪ್ಪ ಫ್ಯೂಸು ಕೊಟ್ಟ. ಆಮೇಲೆ ಗೋಡೆಗೆ ಹೊಸದಾಗಿ ಕೂತಿದ್ದ ಪೆಟ್ಟಿಗೆಯನ್ನು ಅಳಿಯನನ್ನು ತೋರಿಸುವಷ್ಟು ಸಂಭ್ರಮದಿಂದ ತೋರಿಸಿದ.

“ಆಟೋಮೆಟಿಕ್ ಐತ್ರಿ. ಪಂಪ್ ಚಾಲೂ ಆಗೂಕಿಂತ ಮೊದಲ ತಾನ ಒದರತೈತಿ, ಹುಷಾರ್ ಅಂತ. ಕೇಳ್ರಿ ಇಲ್ಲೆ.” ಒಂದು ಗುಂಡಿ ಒತ್ತಿದ. ಪಿಂ, ಪಿಂ, ಪಿಂ.

“ನೋಡಲೇ ಮೈಲ್ಯಾ, ಪಂಪಿಗೂ ನಿನಗಿಂತ ಹೆಚ್ಚು ಬುದ್ಧಿ ಐತಿ,” ಎಂದು ಮುಸ್ತಾಕ್ ನಕ್ಕ. ಮೈಲೇಶ ನಗುತ್ತಲೇ ಹಗ್ಗ ಬಿಗಿದುಕೊಂಡು ಇಳಿದ.

ಮೇಲಿನ ನೀರು ಚಹಾದ ಬಣ್ಣ. ಅದರ ಕೆಳಗಿನದು ಇಟ್ಟಿಗೆಯ ಬಣ್ಣ. ಅದರ ಕೆಳಗೆ ಬಣ್ಣವೇ ಇಲ್ಲ. ಮೈಲೇಶ ಕಣ್ಣು ಮುಚ್ಚಿಕೊಂಡ. ತೆರೆದಿದ್ದರೂ ವ್ಯತ್ಯಾಸವಿರಲಿಲ್ಲ, ಮುಚ್ಚಿದರೆ ಕತ್ತಲೆಯಾದರೂ ತನ್ನದೆನಿಸುತ್ತಿತ್ತು. ಕೈಗೆ ಜಾಳಿಗೆಯ ಸರಳು ಸಿಕ್ಕಿತು. ಸರಳಿನ ತುಂಬ ಸೀರೆಗಳು.

ಒಂಬತ್ತು ದಿನ ಊರೂರಿನ ಹೆಣ್ಣುಮಕ್ಕಳು ಗಂಗವ್ವನಿಗೆಂದು ಹೊಳೆಗೆ ಬಿಟ್ಟ ಸೀರೆಗಳು, ಕುಬಸದ ಖಣಗಳು, ಗಂಟು ಕಟ್ಟಿದ ಉಡಿ. ನೆನೆದು ಉಬ್ಬಿದ ಅಕ್ಕಿಯ ಗಂಟು ಕೈಗೆ ಹೊಟ್ಟೆಯ ಹಾಗೆ ಹತ್ತುತ್ತಿತ್ತು. ಸೆರಗಿನಲ್ಲಿ ಬಳೆಗಳು ಸಿಕ್ಕವು. ಬಳೆ ಸಿಕ್ಕರೆ ಮೈಲೇಶ ಮೊದಲು ಮಾಡುವ ಕೆಲಸ ಒಂದೇ: ಬಳೆಯೊಳಗೆ ಬೆರಳಿಟ್ಟು ನೋಡುವುದು. ಒಳಗೆ ಕೈ ಇಲ್ಲ. ಉಸಿರು ಬಿಡುವುದು. ಮುಂದಿನ ಸೀರೆ. ಪೊಲೀಸರಿಗಾಗಿ ಹೆಣ ಎತ್ತಿದವನಿಗೆ ಯಾವ ಸೀರೆಯೂ ಬರೀ ಸೀರೆಯಲ್ಲ. ಪ್ರತಿಯೊಂದನ್ನೂ ಉದ್ದಕ್ಕೆ ಸವರಿ, ಖಾಲಿಯೆಂದು ಖಾತ್ರಿ ಮಾಡಿಕೊಂಡು, ಕೊಯ್ದು ಹೊಳೆಗೆ ಬಿಡುತ್ತಿದ್ದ.

ಒಮ್ಮೆ ಗಡಿಯಾರವನ್ನು ಗ್ಲಾಸಿಗೆ ಹಚ್ಚಿ ನೋಡಿದ, ಗಾಳಿ ಸಾಕಷ್ಟಿತ್ತು. ಆಮೇಲೆ ಕೆಲಸ ಅವನನ್ನು ನುಂಗಿತು. ಹಗ್ಗ ಬಹಳ ಹೊತ್ತು ಜಗ್ಗಲಿಲ್ಲ ಎಂಬುದು ಅವನ ಗಮನಕ್ಕೆ ಬರಲೇ ಇಲ್ಲ. ಜಗ್ಗದ ಹಗ್ಗ ಸದ್ದು ಮಾಡುವುದಿಲ್ಲವಷ್ಟೆ.

ಆಗ ಕೇಳಿಸಿತು. ಪಿಂ, ಪಿಂ, ಪಿಂ.

ನೀರಿನೊಳಗೆ ಸದ್ದಿಗೆ ದಿಕ್ಕಿಲ್ಲ. ಅದು ಎಡಕ್ಕಿತ್ತು, ಬಲಕ್ಕಿತ್ತು, ಬೆನ್ನ ಹಿಂದಿತ್ತು, ಸರಳಿನ ಆಚೆ ಕೊಳವೆಯೊಳಗಿತ್ತು. ತನ್ನ ಗಡಿಯಾರದ ಬಾಯನ್ನು ತಾನೇ ಮುಚ್ಚಿದ್ದ, ಅದು ಅಲ್ಲ. ಹಾಗಾದರೆ ಉಳಿದದ್ದು ಒಂದೇ. ಲಕ್ಕಪ್ಪನ ಪೆಟ್ಟಿಗೆ. ಪಂಪು ಚಾಲೂ ಆಗುವ ಮೊದಲು ತಾನೇ ಒದರುವ ಪೆಟ್ಟಿಗೆ.

ಫ್ಯೂಸು ಮುಸ್ತಾಕನ ಜೇಬಿನಲ್ಲಿದೆ ಎಂದು ತನಗೆ ತಾನೇ ಹೇಳಿಕೊಂಡ. ಕೂಡಲೇ ಪ್ರಶ್ನೆ ಎದ್ದಿತು: ಅವು ಯಾವ ಫ್ಯೂಸು? ಹಳೆಯ ಬೋರ್ಡಿನವು. ಹೊಸ ಪೆಟ್ಟಿಗೆಗೆ ಫ್ಯೂಸಾದರೂ ಇದೆಯೋ ಇಲ್ಲವೋ, ಅವನೂ ಕೇಳಿರಲಿಲ್ಲ, ಮುಸ್ತಾಕನೂ ಕೇಳಿರಲಿಲ್ಲ. ನಗುತ್ತ ಇಳಿದುಬಿಟ್ಟಿದ್ದ.

ಹಗ್ಗ ಜಗ್ಗಿದ. ಗೋಡೆಗೆ ಕಟ್ಟಿದ ಹಾಗಿತ್ತು. ಮತ್ತೆ ಜಗ್ಗಿದ. ಹಗ್ಗ ಎಲ್ಲೋ ಸೀರೆಗಳ ನಡುವೆ ಹೊಕ್ಕು ಸರಳಿಗೆ ಸುತ್ತಿಕೊಂಡಿತ್ತು. ಕಾಲು ಒದ್ದ, ಕಾಲಿಗೂ ಒಂದು ಸೆರಗು ಸುತ್ತಿತು, ಯಾರೋ ಕುಳ್ಳಿರಿಸಿಕೊಳ್ಳಲು ಹಿಡಿದ ಹಾಗೆ. ಈಗ ಶುರುವಾಗುತ್ತದೆ. ಈ ಉಸಿರಿಗೆ. ಇಲ್ಲ, ಮುಂದಿನದಕ್ಕೆ. ನಳಿಕೆಯಿಂದ ಗಾಳಿಯನ್ನು ಅವನು ಎಳೆಯುತ್ತಿರಲಿಲ್ಲ, ಕಚ್ಚಿ ಕಚ್ಚಿ ತಿನ್ನುತ್ತಿದ್ದ. ಪಿಂ, ಪಿಂ, ಪಿಂ. ಕೇಳಲಾರದೆ, ಸಣ್ಣ ಹುಡುಗರ ಹಾಗೆ, ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡ.

ಎಡಗಿವಿಯಲ್ಲಿ ಸದ್ದು ಒಮ್ಮೆಲೇ ತಲೆಬುರುಡೆಯೊಳಗೇ ಕುಣಿಯಿತು.

ಕೈ ದೂರ ತೆಗೆದ. ಸದ್ದು ಹೊಳೆಯ ತುಂಬ ಹರಡಿತು. ಕೈಯನ್ನು ದವಡೆಗೆ ಒತ್ತಿದ. ಹಲ್ಲುಗಳೆಲ್ಲ ಪಿಂ ಎಂದವು. ತನ್ನದೇ ಮುಂಗೈ. ಗಡಿಯಾರ ಮಾಡಿದವನ ತಾಯಿಯನ್ನು ನೆನೆಯುವ ಒಂದು ಮಾತು ಅವನ ಬಾಯಿಗೆ ಬಂತು, ನಳಿಕೆಯಿದ್ದುದರಿಂದ ಬರೀ ಗುಳ್ಳೆಯಾಗಿ ಹೋಯಿತು. ಗ್ಲಾಸಿಗೆ ಹಚ್ಚಿ ನೋಡಿದ. ಗಾಳಿಯ ಅಂಕಿ ಕೆಂಪಾಗಿ ಮಿಣುಕುತ್ತಿತ್ತು. ಅವನು ನೋಡುತ್ತಿದ್ದ ಹಾಗೆಯೇ ಅದು ಇನ್ನಷ್ಟು ಇಳಿಯಿತು.

ಮೊದಲು ಕಾಲಿನ ಸೆರಗು ಕೊಯ್ದ. ಆಮೇಲೆ ಹಗ್ಗಕ್ಕೆ ಚಾಕು ಹಚ್ಚಿದ, ಕೈ ತಡೆಯಿತು. ದಂಡೆಗೂ ಅವನಿಗೂ ಇದ್ದದ್ದು ಅದೊಂದೇ. ಗಡಿಯಾರ ಕೂಗುತ್ತಲೇ ಇತ್ತು. ಕೊಯ್ದ.

ಮೇಲೇರುವಾಗ ಕೂಗಿನ ವರಸೆ ಬದಲಾಗಿ ಒಂದೇ ಉಸಿರಿಗೆ ಕಿರುಚತೊಡಗಿತು. ಗಡಬಡಿಸುತ್ತಿದ್ದೀಯೆ ಎನ್ನುತ್ತಿತ್ತು. ನಳಿಕೆಯಿಂದ ಬರುವ ಗಾಳಿ ಬಿಗಿಯಾಗತೊಡಗಿದರೂ ಅವನು ಕಾಲು ಆಡಿಸುವುದು ನಿಲ್ಲಿಸಿ, ಉಸಿರು ಸ್ವಲ್ಪ ಸ್ವಲ್ಪವೇ ಬಿಡುತ್ತ, ಇಟ್ಟಿಗೆಯ ಬಣ್ಣಕ್ಕೆ, ಚಹಾದ ಬಣ್ಣಕ್ಕೆ, ಕೊನೆಗೆ ಬಿಸಿಲಿಗೆ ಬಂದ.

ದಂಡೆಯ ಮೇಲೆ ಮುಸ್ತಾಕ್ ಎರಡೂ ಕೈಯಲ್ಲಿ ಹಗ್ಗ ಹಿಡಿದು ನೆಟ್ಟಗೆ ನಿಂತಿದ್ದ. ಬೇರೊಂದು ಕಡೆ ತಲೆ ಎತ್ತಿದ ಮೈಲೇಶನನ್ನು ನೋಡಿದ. ಕೈಯಲ್ಲಿದ್ದ ಹಗ್ಗವನ್ನು ನೋಡಿದ.

“ಮತ್ತ ಇದರ ತುದಿಗೆ ಯಾರದಾರ?” ಎಂದ.

ಮೈಲೇಶ ಕೆಸರಿನ ಮೇಲೆ ಅಂಗಾತ ಬಿದ್ದು ಕೆಮ್ಮಿದ. “ಯಾಕ ಜಗ್ಗಲಿಲ್ಲೋ ಭಾಡ್ಯಾ?”

“ಜಗ್ಗೇನಿ! ಅಲ್ಲಾನ ಆಣಿ, ಮ್ಯಾಲಿಂದ ಮ್ಯಾಲ ಜಗ್ಗೇನಿ. ನೀ ತಿರುಗಿ ಜಗ್ಗಿದೆಲ್ಲೋ, ಎರಡೆರಡು ಸಲ!”

“ನಾ ಜಗ್ಗಿಲ್ಲ.”

ಇಬ್ಬರೂ ನೀರಿನ ಕಡೆ ನೋಡಿದರು. ಹೊಳೆಯ ಸೆಳವಿಗೆ ಕೆಳಗಿನ ಸೀರೆಗಳು ಹೊಯ್ದಾಡುತ್ತಿರಬೇಕು. ಹಗ್ಗ ಮುಸ್ತಾಕನ ಕೈಯಲ್ಲಿ, ಎಲ್ಲ ಸರಿಯಿದೆ ಎಂದು, ಮತ್ತೆ ಎರಡು ಸಲ ಜಗ್ಗಿತು. ಅವನು ಅದನ್ನು ಹಾವನ್ನು ಬಿಡುವ ಹಾಗೆ ಕೈಬಿಟ್ಟ.

ಪಂಪ್‌ಹೌಸಿನಲ್ಲಿ ಲಕ್ಕಪ್ಪ ಚಹಾ ಸೋಸುತ್ತಿದ್ದ. ಫ್ಯೂಸಿಲ್ಲದೆ ಹೊಸ ಪೆಟ್ಟಿಗೆಯೂ ಪಂಪನ್ನು ಓಡಿಸಲಾರದೆಂದು, ಈಗ, ಸಾವಕಾಶವಾಗಿ ತಿಳಿಸಿದ.

ಸಂಜೆ ಮನೆಯಲ್ಲಿ ಮೈಲೇಶ ಗಡಿಯಾರವನ್ನು ಹೆಂಡತಿಯ ಮುಂದಿಟ್ಟು, ಇದರ ಬಾಯಿ ಬಿಚ್ಚಿದವರು ಯಾರು ಎಂದು ಒಂದೇ ಪ್ರಶ್ನೆ ಕೇಳಿದ. ಭುವನಾ ಅತ್ತೆಯ ಕಡೆ ನೋಡಿದಳು.

“ಎಲ್ಲಾನೂ ದನಿ ತಗದ್ವು, ಇದೊಂದ ಮೂಕ ಕುಂತಿತ್ತೋ ಯಪ್ಪಾ,” ಎಂದಳು ಮುದುಕವ್ವ. “ಹಬ್ಬದ ದಿನ ಬಾಯಿ ಕಟ್ಟಿ ಇಡತಾರೇನು ಅಂತ ನಾನ ಬಿಚ್ಚಿಸಿದೆ.”

“ನೀವು ಗುಂಡಿ ಒತ್ತೂದು ನೋಡಿದ್ದೆರಿ. ಹಂಗ ಒತ್ತಿದೆ, ಪಿಂ ಅಂತು,” ಎಂದಳು ಭುವನಾ. “ಮತ್ತ ಆರಸಬೇಕಂದೆ. ಪೂಜಿ ಸಾಮಾನು ಮುಟ್ಟಬ್ಯಾಡ ಅಂದ್ರು ಅತ್ತಿ. ಮುಂಜಾನೆ ನೀವು ಗಡಬಡಿಸಿ ತಗೊಂಡು ಹೋದ್ರಿ.” ಗಡಿಯಾರದ ಕಡೆ ನೋಡಿ ಕೇಳಿದಳು: “ಯಾಕ್ರಿ? ಒದರಿತೇನು?”

ಬನ್ನಿ ಕೊಡಲು ಬಂದಿದ್ದ ಮುಸ್ತಾಕ್ ಬಾಗಿಲಲ್ಲಿ ನಿಂತಿದ್ದ. ವರ್ಷದ ವಾದ ಗೆದ್ದವನ ಮುಖವಾಗಿರಲಿಲ್ಲ ಅದು. “ಈಗರ ಒಪ್ಪತೀಯೇನು?” ಎಂದ, ಮೆಲ್ಲಗೆ.

“ಏನಂತ ಒಪ್ಪಲೋ? ಒದರದಿದ್ದರ ಅಲ್ಲೇ ಉಳೀತಿದ್ದೆ. ಒದರಿದ್ದಕ್ಕ ಅರ್ಧ ಗಾಳಿ ಕುಡದೆ.” ಮೈಲೇಶ ಬನ್ನಿ ತೆಗೆದುಕೊಂಡ. “ಒದರಿದ್ದಕ್ಕ ಅಲ್ಲ ಬಿಡು. ಯಾರು ಒದರಾಕತ್ತಾರ ಅಂತ ಗೊತ್ತಾಗಲಿಲ್ಲ, ಅದಕ್ಕ.”

ಅರ್ಧ ಜಾಳಿಗೆ ಇನ್ನೂ ಕಟ್ಟಿಯೇ ಇತ್ತು. ಮರುದಿನ ಲಕ್ಕಪ್ಪನ ಫೋನು ಬಂತು. ಊರು ಇನ್ನೂ ಜಳಕಿಲ್ಲದೆ ಕುಂತಿತ್ತು. ಹೋಗಲೇಬೇಕಾಯಿತು.

ದಂಡೆಯಲ್ಲಿ ಮೈಲೇಶ ಗಡಿಯಾರದ ಗುಂಡಿಯೊತ್ತಿ ಒಮ್ಮೆ ಕೂಗಿಸಿದ. ಮುಂಗೈಯನ್ನು ದವಡೆಗೆ ಒತ್ತಿ, ಕಣ್ಣು ಮುಚ್ಚಿ, ಇನ್ನೊಮ್ಮೆ ಕೂಗಿಸಿದ. ಹಲ್ಲಿನಲ್ಲಿ ಅದರ ಗುರುತು ಹಿಡಿದುಕೊಂಡ. ಮುಸ್ತಾಕ್ ನಗಲಿಲ್ಲ. ಹೊಸ ಹಗ್ಗ ಬಿಗಿದು, ಫ್ಯೂಸುಗಳನ್ನು ತೋರಿಸಿ, ಜೇಬಿಗೆ ಹಾಕಿಕೊಂಡು, ಜೇಬಿನ ಮೇಲೆ ಕೈಯಿಟ್ಟುಕೊಂಡು ನಿಂತ.

ಚಹಾದ ಬಣ್ಣ, ಇಟ್ಟಿಗೆಯ ಬಣ್ಣ, ಆಮೇಲೆ ಏನೂ ಇಲ್ಲ. ಸರಳು ಕೈಗೆ ಬಂತು. ಒಂದು ಸೀರೆ ಸವರಿ, ಖಾಲಿಯೆಂದು ನೋಡಿ, ಕೊಯ್ದು ಬಿಟ್ಟ. ಮುಂಗೈಯನ್ನು ದವಡೆಗೆ ಒತ್ತಿದ. ಸದ್ದಿಲ್ಲ. ಗಾಳಿಯಿದೆ ಎಂದು ಸದ್ದಿಲ್ಲವೋ, ಬಾಯಿ ಮತ್ತೆ ಕಟ್ಟಿತೆಂದು ಸದ್ದಿಲ್ಲವೋ? ದಂಡೆಯಲ್ಲಿ ಕೂಗಿತ್ತು, ತಾನೇ ಕೇಳಿದ್ದ. ಗ್ಲಾಸಿಗೆ ಹಚ್ಚಿ ನೋಡಿದ, ಗಾಳಿ ಸಾಕಷ್ಟಿತ್ತು. ಆದರೂ ಇನ್ನೊಮ್ಮೆ ದವಡೆಗೆ ಒತ್ತಿ ಕೇಳಿದ.

ಆಮೇಲೆ ಕತ್ತಲೆಯಲ್ಲಿ ಕೈ ಚಾಚಿ, ಮುಂದಿನ ಸೀರೆಯ ಬಳೆಯೊಳಗೆ ಬೆರಳಿಟ್ಟ.