ಆಪರೇಟರಮ್ಮನ ಸೇಡು

ಆಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಮೂವತ್ತೊಂದು ವರ್ಷ ಕೂತಿದ್ದವಳನ್ನು ಬೀದಿಯವರು ಈಗಲೂ ಆಪರೇಟರಮ್ಮ ಎಂದೇ ಕರೆಯುತ್ತಿದ್ದರು. ನಿವೃತ್ತಿಯ ಮೇಲೆ ಅವಳು ಅಕ್ಕನ ಜೊತೆ ಎರಡು ಕೋಣೆಯ ಮನೆಯಲ್ಲಿದ್ದಳು. ಅಕ್ಕನಿಗೆ ಪಾರ್ಶ್ವವಾಯು ಹೊಡೆದು ಎಡಗೈ, ಎಡಗಾಲು ಸ್ವಾಧೀನ ತಪ್ಪಿದ್ದವು; ನಾಲಿಗೆ ಮಾತ್ರ ಮೊದಲಿನಷ್ಟೇ ಚೂಪು. ಹಗಲೆಲ್ಲ ಟೀವಿಯಲ್ಲಿ ಸಿನಿಮಾ ಹಾಕಿಕೊಂಡು, ನಾಯಕಿಗೆ ಬುದ್ಧಿ ಹೇಳುತ್ತ, ಖಳನಾಯಕನಿಗೆ ಹಿಡಿಶಾಪ ಹಾಕುತ್ತ ಕೂರುವುದೇ ಅವಳ ಪ್ರಪಂಚ.

ಒಂದು ಮಂಗಳವಾರ ಆಪರೇಟರಮ್ಮ ಫೋನನ್ನು ಚಾರ್ಜಿಗಿಟ್ಟು ಔಷಧಿ ತರಲು ಹೋದಾಗ ಅದಕ್ಕೊಂದು ಮೆಸೇಜು ಬಂತು. ನಿಮ್ಮ ಸಿನಿಮಾ ಚಂದಾದ ಹಣ ಬಂದಿಲ್ಲ, ಸಂಜೆಯೊಳಗೆ ಕಾರ್ಡಿನ ವಿವರ ಕೊಡದಿದ್ದರೆ ಖಾತೆ ಬಂದ್. ಅಕ್ಕ ಬಲಗೈ ಚಾಚಿ ಫೋನು ಎತ್ತಿಕೊಂಡಳು. ಲಿಂಕ್ ಒತ್ತಿದರೆ ಅದೇ ಬಣ್ಣ, ಅದೇ ಚಿಹ್ನೆ, ದಿನಾ ಟೀವಿಯಲ್ಲಿ ಕಾಣುವಂಥದ್ದೇ. ತಂಗಿಯ ಕಾರ್ಡು ಪಕ್ಕದ ಡ್ರಾಯರಿನಲ್ಲಿತ್ತು. ಒಂದೇ ಕೈಯಲ್ಲಿ ಅಂಕಿಗಳನ್ನು ಒತ್ತಿದಳು. ಓಟಿಪಿ ಕೇಳಿತು, ಅದನ್ನೂ ಕೊಟ್ಟಳು. ಆಪರೇಟರಮ್ಮ ಮನೆಗೆ ಬರುವಷ್ಟರಲ್ಲಿ ಅಕ್ಕನ ಫಿಸಿಯೋಥೆರಪಿಗೆಂದು ಇಟ್ಟಿದ್ದ ದುಡ್ಡೆಲ್ಲ ಗುಡಿಸಿದಂತೆ ಹೋಗಿತ್ತು.

ಬ್ಯಾಂಕಿನ ಆಫೀಸರಮ್ಮ ಮೆಸೇಜಿನ ಮೇಲೆ ಬೆರಳಿಟ್ಟು ತೋರಿಸಿದಳು. “ನೋಡಿ, ಕಂಪನಿ ಹೆಸರಲ್ಲಿ ಒಂದಕ್ಷರ ಜಾಸ್ತಿ ಇದೆ. ಇವತ್ತೇ, ಈಗಲೇ ಅಂತ ಅವಸರ ಮಾಡಿದ್ರೇ ಅನುಮಾನ ಪಡ್ಬೇಕು. ಇಂಥ ಲಿಂಕ್ ಮುಟ್ಲೇಬಾರದು. ಟೀವಿಲೇ ಖಾತೆ ತೆಗೆದು ನೋಡಿದ್ರೆ ನಿಜ ಏನು ಅಂತ ಗೊತ್ತಾಗಿಬಿಡುತ್ತೆ.”

ಸೈಬರ್ ಪೊಲೀಸರಿಗೆ ದೂರು ಬರೆಸಿ ಕಳಿಸುವಾಗ ಮತ್ತೊಂದು ಮಾತು ಸೇರಿಸಿದಳು. “ಇವರು ಇಷ್ಟಕ್ಕೇ ಬಿಡಲ್ಲಮ್ಮ. ದುಡ್ಡು ವಾಪಸ್ ಕೊಡಿಸ್ತೀವಿ ಅಂತ ಮತ್ತೆ ಫೋನ್ ಮಾಡ್ತಾರೆ. ಕಟ್ ಮಾಡ್ಬಿಡಿ.”

ಮನೆಯಲ್ಲಿ ಟೀವಿ ಆರಿತ್ತು. “ಹಾಕ್ಲಾ ಅಕ್ಕಾ?” ಎಂದರೆ, “ಬೇಡ ಪುಟ್ಟಿ. ನನ್ನಂಥ ದಡ್ಡಿಗೆ ಅದೊಂದು ಕೇಡು,” ಎಂದು ಅಕ್ಕ ಗೋಡೆಗೆ ಮುಖ ಮಾಡಿದಳು. ಫಿಸಿಯೋಥೆರಪಿಯವಳಿಗೆ ಬರಬೇಡ ಎಂದು ಹೇಳಿಯಾಗಿತ್ತು. ಆಗಷ್ಟೇ ಮಡಚಲು ಕಲಿತಿದ್ದ ಎರಡು ಬೆರಳು ಮತ್ತೆ ಮರಗಟ್ಟತೊಡಗಿದವು. ಆಪರೇಟರಮ್ಮ ಅವನ್ನು ತಿಕ್ಕುತ್ತ ಕೂತಳು. ಎಷ್ಟೋ ಸಾವಿನ ಸುದ್ದಿಯನ್ನು ದನಿ ನಡುಗದೆ ತಲುಪಿಸಿದ್ದವಳು ಈಗ ಹಲ್ಲು ಕಡಿಯುತ್ತಿದ್ದಳು. ಹೋದ ದುಡ್ಡಿಗಿಂತ ಅಕ್ಕನ ಬಾಯಿಂದ ಬಂದ ಆ ‘ದಡ್ಡಿ’ ಅನ್ನುವ ಮಾತು ಅವಳನ್ನು ಸುಡುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಫೋನು ಬಂತು. ಜೇನು ಸವರಿದಂಥ ಗಂಡಸಿನ ದನಿ. “ಮೇಡಂ, ರಿಫಂಡ್ ವಿಭಾಗದಿಂದ. ನಿಮ್ಮ ಪೂರ್ತಿ ಹಣ ವಾಪಸ್ ಬರುತ್ತೆ, ಒಂದು ಚಿಕ್ಕ ಶುಲ್ಕ ಕಟ್ಬೇಕು ಅಷ್ಟೇ.”

ಅವಳು ಕಟ್ ಮಾಡಲಿಲ್ಲ. ದನಿಗೆ ಇನ್ನೂ ಹದಿನೈದು ವರ್ಷ ವಯಸ್ಸು ಸೇರಿಸಿದಳು. “ಅಯ್ಯೋ, ನಿನ್ನ ಹೊಟ್ಟೆ ತಣ್ಣಗಿರ್ಲಿ ಕಣಪ್ಪ! ಆದ್ರೆ ಈ ಫೋನಲ್ಲಿ ಕಳ್ಸೋದು ನಂಗೆ ಬರಲ್ಲ. ಬ್ಯಾಂಕಿಗೇ ಹೋಗಿ ಕಟ್ತೀನಿ. ಅಕೌಂಟ್ ನಂಬರ್ ಹೇಳು.”

ಅವನು ಹೇಳಿದ. ಅವಳು ಚೀಟಿಯಲ್ಲಿ ಬರೆದುಕೊಂಡು, ಬೇಕೆಂದೇ ತಪ್ಪಾಗಿ ಓದಿದಳು. ಅವನು ತಿದ್ದಿದ. ಹೆಸರು ಕೇಳಿದಳು, ಶಾಖೆ ಕೇಳಿದಳು, ಕಿವಿ ಮಂದ ಎಂದು ಮತ್ತೆ ಕೇಳಿದಳು. “ಎಷ್ಟು ಸಲ ಹೇಳ್ಬೇಕು ಅಜ್ಜಿ!” ಎಂದು ಅವನು ರೇಗಿದಾಗ ಜೇನೆಲ್ಲ ಇಳಿದು ನಿಜವಾದ ದನಿ ಹೊರಬಿತ್ತು. ಆ ದನಿಯನ್ನು ಅವಳು ಮನಸ್ಸಿನಲ್ಲಿ ಗಂಟು ಹಾಕಿಟ್ಟುಕೊಂಡಳು.

ಅರ್ಧ ಗಂಟೆಯಲ್ಲಿ ಚೀಟಿ ಆಫೀಸರಮ್ಮನ ಕೈಯಲ್ಲಿತ್ತು. ಮಧ್ಯಾಹ್ನದೊಳಗೆ ಪೊಲೀಸರು ಆ ಖಾತೆಗೆ ಬೀಗ ಹಾಕಿಸಿದರು. ಎಷ್ಟೋ ಜನರ ದುಡ್ಡು ಅದರೊಳಗೇ ಸಿಕ್ಕಿಕೊಂಡಿತು. ಖಾತೆಯ ಜಾಡು ಹಿಡಿದು ಹೋದವರಿಗೆ, ಒಂಬತ್ತನೆಯ ದಿನ, ಬಾಡಿಗೆ ಕೋಣೆಯೊಂದರಲ್ಲಿ ಮೂವರು ಗಂಡಸರು ಸಿಕ್ಕಿಬಿದ್ದರು.

ದನಿ ಗುರುತಿಸಲು ಅವಳನ್ನು ಠಾಣೆಗೆ ಕರೆಸಿದರು. ಪರದೆಯ ಹಿಂದಿನಿಂದ ಮೂವರೂ ಸರದಿಯಂತೆ ಮಾತಾಡಿದರು. “ಎರಡನೆಯವನು,” ಎಂದಳು, ಕ್ಷಣವೂ ಯೋಚಿಸದೆ. ಪರದೆ ಸರಿಸಿದರು. ಇಸ್ತ್ರಿ ಹಾಕಿದ ಅಂಗಿ ತೊಟ್ಟ, ಮೂವತ್ತು ದಾಟಿದ ಆಸಾಮಿ. ಕೈ ಜೋಡಿಸಿದ.

“ತಪ್ಪಾಯ್ತಮ್ಮ. ದೂರು ವಾಪಸ್ ತಗೊಳ್ಳಿ, ನಿಮ್ಮ ದುಡ್ಡು ಕೊಡ್ತೀನಿ. ಮನೇಲಿ ವಯಸ್ಸಾದ ತಾಯಿ ಇದಾಳೆ.”

“ಇದಾಳಾ? ಅವಳ ನಂಬರ್ ಹೇಳು. ಮಗ ಏನ್ ಕೆಲಸ ಮಾಡ್ತಾನೆ ಅಂತ ನಾನೇ ತಿಳಿಸ್ತೀನಿ.”

ಅವನ ಮುಖ ಸುಣ್ಣದಂತಾಯಿತು. “ಬೇಡಮ್ಮ, ಕಾಲಿಗೆ ಬೀಳ್ತೀನಿ, ಅವಳಿಗೆ ಮಾತ್ರ ಬೇಡ,” ಎಂದು ಬಿಕ್ಕಿ ಬಿಕ್ಕಿ ಅತ್ತ. ತನ್ನ ಕರುಳು ಚುರ್ ಎನ್ನಬಹುದೇನೋ ಎಂದು ಆಪರೇಟರಮ್ಮ ಒಂದು ಕ್ಷಣ ಕಾದಳು. ಅನ್ನಲಿಲ್ಲ. ಬಿಸಿಲಲ್ಲಿ ನಡೆದು ಬಂದು ತಣ್ಣೀರು ಕುಡಿದಂತೆ ಹಿತವಾಯಿತು. ಅದಕ್ಕೆ ಅವಳಿಗೆ ನಾಚಿಕೆಯೂ ಆಗಲಿಲ್ಲ. ಹೇಳಿಕೆಯನ್ನು ಎರಡು ಸಲ ಓದಿಸಿಕೊಂಡು, ಒತ್ತಿ ಸಹಿ ಹಾಕಿ ಎದ್ದಳು.

ಮನೆಗೆ ಬಂದು ಅಕ್ಕನ ಮುಂದೆ ಕುರ್ಚಿ ಎಳೆದುಕೊಂಡಳು. ದುಡ್ಡು ಅರ್ಧದಷ್ಟಾದರೂ ಬರುತ್ತದೆಂದು ಪೊಲೀಸರು ಹೇಳಿದ್ದನ್ನು ತಿಳಿಸಿದಳು. ಅಕ್ಕ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

“ಅವನು ಅತ್ನಾ?”

“ಅತ್ತ.”

“ಎಲ್ಲರ ಮುಂದೇನಾ?”

“ಎಲ್ಲರ ಮುಂದೇನೇ.”

ಅಕ್ಕ ಬಲಗೈ ಊರಿ ದಿಂಬಿಗೆ ನೆಟ್ಟಗೆ ಒರಗಿ ಕೂತಳು. ಎಷ್ಟೋ ದಿನಗಳ ಮೇಲೆ ಅವಳ ಕಣ್ಣು ಹೊಳೆಯುತ್ತಿತ್ತು. “ಮೊದಲಿಂದ ಹೇಳು ಪುಟ್ಟಿ,” ಎಂದಳು. “ಒಂದು ಮಾತೂ ಬಿಡ್ಬೇಡ.”