ಎರಡು ಗಂಟೆಯ ಆಟ

ಎರಡು ಗಂಟೆ ಎಂದು ಬರೆದರೆ ಬಿಸಿಲು. ನಾಲ್ಕೂವರೆ ಎಂದು ಬರೆದರೆ... ಅದನ್ನು ಪ್ರಭಂಜನ ಮನಸ್ಸಿನೊಳಗೂ ಪೂರ್ತಿ ಹೇಳಿಕೊಳ್ಳಲಿಲ್ಲ. ನಂಬುತ್ತೇನೆಯೇ? ಇಲ್ಲ. ನಂಬದಿದ್ದರೆ ಪೆನ್ನು ಯಾಕೆ ನಿಂತಿದೆ? ಮಾರ್ಚಿನಲ್ಲಿ ನಾಲ್ಕೂವರೆಗೆ ಆಡಿ ಸೋತದ್ದು. ಮೇ ತಿಂಗಳಲ್ಲಿ ನಾಲ್ಕೂವರೆಗೆ ಆಡಿ ಮತ್ತೆ ಸೋತದ್ದು, ಅದೂ ಪೆನಾಲ್ಟಿಯನ್ನು ಕಂಬಕ್ಕೆ ಹೊಡೆದು. ಎರಡು ಬಿಂದು ಸಿಕ್ಕಿತೆಂದು ಗೆರೆ ಎಳೆಯಬೇಡಿ ಎಂದು ಆಫೀಸಿನ ಹೊಸ ಎಂಜಿನಿಯರುಗಳಿಗೆ ಅವನೇ ಎಷ್ಟೋ ಸಲ ಬೈದಿದ್ದ.

ಅದು ಎರಡು ಸಾವಿರದ ಇಸವಿಯ ಆಗಸ್ಟ್ ತಿಂಗಳ ಕೊನೆಯ ಬುಧವಾರ. ಹ್ಯೂಸ್ಟನ್ನಿನ ಎನರ್ಜಿ ಕಾರಿಡಾರಿನಲ್ಲಿದ್ದ ತೈಲ ಕಂಪನಿಯ ಏಳನೇ ಮಹಡಿಯಲ್ಲಿ, ಫ್ಯಾಕ್ಸ್ ಯಂತ್ರದ ಪಕ್ಕ, ಲೀಗಿನ ಫಾರಂ ಹಿಡಿದು ಅವನು ನಿಂತಿದ್ದ. ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್ನಿನ ಹನ್ನೆರಡು ತಂಡಗಳು ಭಾನುವಾರಗಳಲ್ಲಿ ಆಡುವ ಫುಟ್‌ಬಾಲ್ ಲೀಗು ಅದು, ಮೂರನೆಯ ಡಿವಿಷನ್. ಅದರ ಕೆಳಗೆ ನಾಲ್ಕನೆಯದೊಂದಿತ್ತು. ಅಲ್ಲಿ ರೆಫರಿ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ತವರು ತಂಡದ ಕಾರ್ಯದರ್ಶಿ ಬುಧವಾರದೊಳಗೆ ಎರಡು ಅಥವಾ ನಾಲ್ಕೂವರೆ, ಯಾವುದಾದರೊಂದು ವೇಳೆಯನ್ನು ಆರಿಸಿ ಫ್ಯಾಕ್ಸ್ ಮಾಡಬೇಕು. ಮೈದಾನ ಒಂದೇ ಆದ್ದರಿಂದ ಮೊದಲು ಕಳಿಸಿದವರಿಗೆ ಮೊದಲು. ಆ ವಾರ ಆ ಮೈದಾನವನ್ನು ಇನ್ಯಾರೂ ಕೇಳಿರಲಿಲ್ಲ.

ಅವನ ತಂಡದ ಹೆಸರು ಮಿನಾಸ್. ಆಡುವವರೆಲ್ಲ ಬ್ರೆಜಿಲಿನ ಮಿನಾಸ್ ಸೀಮೆಯವರು. ಟೈಲ್ಸ್ ಹಾಕುವವರು, ಪೇಂಟ್ ಹೊಡೆಯುವವರು, ಹೋಟೆಲ್ ಅಡುಗೆಮನೆಯಲ್ಲಿ ದುಡಿಯುವವರು. ಮೂರು ವರ್ಷದ ಹಿಂದೆ ಆಫೀಸಿನ ಬ್ರೆಜಿಲಿಯನ್ ಸಹೋದ್ಯೋಗಿಯೊಬ್ಬ, ಒಂದು ತಲೆ ಕಡಿಮೆ ಇದೆ ಎಂದು ಇವನನ್ನು ಕರೆದೊಯ್ದಿದ್ದ. ಆ ಸಹೋದ್ಯೋಗಿ ಊರಿಗೆ ಮರಳಿದ, ಪ್ರಭಂಜನ ಉಳಿದ. ಒಂದು ವರ್ಷ ಬಲಬದಿಯಲ್ಲಿ ಆಡಿದ, ಮಂಡಿ ಕೈಕೊಟ್ಟ ಮೇಲೆ ಕಾಗದಪತ್ರ ನೋಡಿಕೊಳ್ಳತೊಡಗಿದ. ತಂಡದಲ್ಲಿ ಇಂಗ್ಲಿಷಿನಲ್ಲಿ ಫಾರಂ ತುಂಬಬಲ್ಲವನು ಅವನೊಬ್ಬನೇ. ಅವರು ಅವನನ್ನು ‘ದೊತೊರ್’ ಎಂದು ಕರೆಯುತ್ತಿದ್ದರು. ಜೇಬಿನಲ್ಲಿ ಪೆನ್ನಿಟ್ಟುಕೊಂಡವರೆಲ್ಲ ಅವರೂರಿನಲ್ಲಿ ಡಾಕ್ಟರುಗಳೇ ಅಂತೆ.

ಈ ಭಾನುವಾರ ಆಸ್ಟಿನ್ನಿನ ತಂಡದ ಮೇಲೆ ಗೆಲ್ಲದಿದ್ದರೆ ಮಿನಾಸ್ ನಾಲ್ಕನೇ ಡಿವಿಷನ್ನಿಗೆ ಇಳಿಯುತ್ತಿತ್ತು. ಕೋಚ್ ನೆಲ್ಸನ್ ಹಿಂದಿನ ರಾತ್ರಿಯೇ ಫೋನ್ ಮಾಡಿ, "ನಾಲ್ಕೂವರೆ ಹಾಕು ದೊತೊರ್, ಬಿಸಿಲು ಸಾಯಿಸುತ್ತೆ" ಎಂದಿದ್ದ.

ಮನೆಯ ಫ್ರಿಜ್ಜಿನ ಬಾಗಿಲಿಗೆ ಬೆಂಗಳೂರಿನಿಂದ ತರಿಸಿದ ಕ್ಯಾಲೆಂಡರ್ ಅಂಟಿಸಿತ್ತು. ಭಾನುವಾರ ರಾಹುಕಾಲ, ನಾಲ್ಕೂವರೆಯಿಂದ ಆರು. ಮೈಸೂರಿನ ಮನೆಯಲ್ಲಿ ಆ ಒಂದೂವರೆ ಗಂಟೆ ಅಮ್ಮ ಹೊಸ ಸೋಪಿನ ಕಾಗದವನ್ನೂ ಬಿಚ್ಚುತ್ತಿರಲಿಲ್ಲ. ಅವನು ನಗುತ್ತಿದ್ದ. ಕೆಲಸದ ಸಂದರ್ಶನವನ್ನು ರಾಹುಕಾಲದಲ್ಲೇ ಮುಗಿಸಿ ಗೆದ್ದು ಬಂದು ಅವಳೆದುರು ಮೆರೆದಿದ್ದ. ಆದರೆ ಆ ಕೆಲಸ ಅವನೊಬ್ಬನದು. ಇದು ಹದಿನೈದು ಜನರದು. ಹಾಗಾದರೆ ತೊಂದರೆ ಏನು, ಸುಮ್ಮನೆ ತಪ್ಪಿಸಿದರಾಯಿತು ಎಂದುಕೊಂಡ.

ಎರಡು ಎಂದು ಬರೆದ. ಕಾಗದ ಯಂತ್ರದೊಳಗೆ ಸರಿಯಿತು.

ನೆಲ್ಸನ್‌ಗೆ ಫೋನಿನಲ್ಲಿ, "ನಾಲ್ಕೂವರೆ ಬೇರೆಯವರು ತಗೊಂಡುಬಿಟ್ಟಿದ್ದಾರೆ. ಲೀಗಿನವರು ಎರಡೇ ಕೊಟ್ಟರು" ಎಂದ. ಅಷ್ಟು ಸಲೀಸಾಗಿ ಬಂದ ಮಾತು ತನ್ನದೇ ಎಂದು ಅವನಿಗೆ ಅನ್ನಿಸಲಿಲ್ಲ.

*

ಭಾನುವಾರ ಬಿಸಿಲು ನೂರಾ ಐದು ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು. ಹುಲ್ಲು ಒಣಗಿ ಬಿಳಿಚಿಕೊಂಡು ಬೂಟಿನಡಿ ಪುಡಿಯಾಗುತ್ತಿತ್ತು. ಆಸ್ಟಿನ್ ತಂಡದ ಮ್ಯಾನೇಜರು ಇರಣ್ಣ ವ್ಯಾನಿನಿಂದ ಇಳಿದವನೇ ಟವೆಲನ್ನು ತಲೆಗೆ ಸುತ್ತಿಕೊಂಡು ಬಂದ. ಧಾರವಾಡ ಕಡೆಯವನು, ಸಾಫ್ಟ್‌ವೇರ್ ಕೆಲಸ. ಲೀಗಿನ ಕಾರ್ಯದರ್ಶಿಗಳ ಪೈಕಿ ಕನ್ನಡದವರು ಇವರಿಬ್ಬರೇ.

"ಏನ್ರೀ ಪ್ರಭಂಜನ, ನಮ್ಮನ್ನ ಹಪ್ಪಳ ಸುಡಾಕ ಕರಿಸೀರೇನು?"

"ಏನ್ಮಾಡೋದು ಇರಣ್ಣ, ಟೈಮು ಇದೇ ಸಿಕ್ಕಿದ್ದು."

"ಸುಳ್ಳ ಯಾಕ ಹೇಳ್ತೀರಿ? ಲೀಗಿನ ಪಟ್ಟಿ ನನಗೂ ಬಂದೈತಿ. ನಾಲ್ಕೂವರಿ ಖಾಲಿ ಇತ್ತಲ್ರೀ."

"ನಮ್ಮವರಿಗೆ ಸಂಜೆ ಕೆಲಸ ಇರತ್ತೆ."

"ಭಾನುವಾರ ಸಂಜಿ ಟೈಲ್ಸ್ ಹಾಕ್ತಾರೇನು?" ಇರಣ್ಣ ಕಣ್ಣು ಕಿರಿದು ಮಾಡಿ ಅವನನ್ನೇ ನೋಡಿದ. ಆಮೇಲೆ ಮುಖ ಅರಳಿತು. "ಅಯ್ಯ ಶಿವನ! ರಾಹುಕಾಲ! ಹೌದಿಲ್ಲೋ? ಮೈಸೂರು ಆಚಾರ್ರು ಟೆಕ್ಸಾಸಿಗೆ ಬಂದ್ರೂ ರಾಹು ಬೆನ್ನ ಬಿಟ್ಟಿಲ್ಲ ನೋಡ್ರಿ."

"ಸುಮ್ನಿರಿ ಮಾರಾಯ್ರೆ."

"ಯಾರಿಗೆ ತಿಳೀತೈತಿ ಇಲ್ಲಿ ನಮ್ಮ ಭಾಷಾ? ಗೆದ್ರ ರಾಹುಗೊಂದು ಕಪ್ ಕೊಡಸ್ರಿ" ಎಂದು ಇರಣ್ಣ ಹೊಟ್ಟೆ ಹಿಡಿದು ನಕ್ಕ. ಪ್ರಭಂಜನನೂ ನಕ್ಕ. ಆ ನಗುವನ್ನು ಮುಂದೆ ಅವನು ಬಹಳ ಸಲ ನೆನೆಸಿಕೊಳ್ಳಲಿದ್ದ.

ವಾಲ್ದಿರ್ ಬೂಟಿನ ದಾರ ಬಿಗಿಯುತ್ತಿದ್ದ. ಮೂವತ್ತನಾಲ್ಕು ವರ್ಷ, ಟೈಲ್ಸ್ ಕೆಲಸ, ಮಿನಾಸ್ ತಂಡದ ಮಧ್ಯದ ಆಟಗಾರ. ಕಂಬಕ್ಕೆ ಪೆನಾಲ್ಟಿ ಹೊಡೆದವನು ಅವನೇ. ಹಿಂದೆ ತನ್ನ ರಾಜ್ಯದ ಮೂರನೇ ಡಿವಿಷನ್ನಿನಲ್ಲಿ ಆಡಿದ್ದ. ಲಾರಿಯ ಹಿಂದೆ ಕೂತು ಒಂಬತ್ತು ತಾಸು ಹೋಗಿ ಆಡಿದ್ದು, ಎದುರು ಊರಿನವರು ಬಟ್ಟೆ ಬದಲಿಸುವ ಕೋಣೆಯ ನೀರು ನಿಲ್ಲಿಸಿದ್ದು, ಆಟದ ನಡುವೆ ಹಸು ಬಂದು ಮೂಲೆಯ ಬಾವುಟ ತಿಂದದ್ದು, ಇವನ್ನೆಲ್ಲ ಹರಕು ಇಂಗ್ಲಿಷಿನಲ್ಲಿ ಹೇಳಿ ನಗಿಸುತ್ತಿದ್ದ. ಒಂದನ್ನು ಮಾತ್ರ ನಗದೆ ಹೇಳುತ್ತಿದ್ದ: ಕೊನೆಯ ದಿನ ಸೋತು ಅವರ ತಂಡ ಇಳಿಯಿತು, ಮರುವರ್ಷ ಕ್ಲಬ್ಬೇ ಮುಚ್ಚಿತು, ಮೈದಾನ ಈಗ ದನದ ಸಂತೆ.

"ಇಳಿದ ತಂಡ ವಾಪಸ್ ಬರೋದಿಲ್ಲ ದೊತೊರ್. ಇವತ್ತು ಇಳಿಯೋದಿಲ್ಲ" ಎಂದ.

ಮೊದಲ ಗೋಲು ಅವನದೇ. ಅರ್ಧ ಸಮಯದ ನಂತರ ಆಸ್ಟಿನ್ ಸರಿಗಟ್ಟಿತು. ಎಪ್ಪತ್ತನೇ ನಿಮಿಷದ ಹೊತ್ತಿಗೆ ವಾಲ್ದಿರ್ ತಪ್ಪು ದಿಕ್ಕಿಗೆ ಓಡತೊಡಗಿದ. ಯಾರೂ ಇಲ್ಲದ ಕಡೆ ನೋಡಿ ಕೈಬೀಸಿ ಏನೋ ಕೂಗುತ್ತಿದ್ದ. ತನ್ನದೇ ಗೋಲಿನ ಹತ್ತಿರ ನಿಂತು ರೆಫರಿಯ ಜೊತೆ ಪೋರ್ಚುಗೀಸಿನಲ್ಲಿ ಜಗಳಕ್ಕೆ ಬಿದ್ದ. ನೆಲ್ಸನ್ ಮೊದಲು ಬೈದ, ಆಮೇಲೆ ಓಡಿದ. ಅಷ್ಟರಲ್ಲಿ ವಾಲ್ದಿರ್ ಕೂತ, ಕೂತವನು ಪಕ್ಕಕ್ಕೆ ಉರುಳಿದ. ಪ್ರಭಂಜನ ಅವನ ತೋಳು ಮುಟ್ಟಿದಾಗ ಚರ್ಮದ ಮೇಲೆ ಒಂದು ಹನಿ ಬೆವರಿರಲಿಲ್ಲ. ಒಲೆಯ ಮೇಲಿಂದ ಇಳಿಸಿದ ಪಾತ್ರೆಯ ಹಾಗಿತ್ತು. ಐಸ್ ಪೆಟ್ಟಿಗೆಯ ನೀರನ್ನೆಲ್ಲ ಅವನ ಮೇಲೆ ಸುರಿದರು.

ಅಂಬುಲೆನ್ಸ್ ಬಂತು. ವಾಲ್ದಿರ್ ಜೊತೆ ಅದನ್ನು ಹತ್ತುವ ಮೊದಲು ನೆಲ್ಸನ್ ಹುಡುಗರಿಗೆ ಹೇಳಿದ್ದು ಒಂದೇ ಮಾತು: ಆಟ ಮುಗಿಸಿ. ಅವರು ಮುಗಿಸಿದರು. ಎರಡು–ಒಂದರಿಂದ ಗೆದ್ದರು. ಯಾರೂ ಕೂಗಲಿಲ್ಲ. ವ್ಯಾನು ಹತ್ತುವಾಗ ಇರಣ್ಣ ತಲೆಗೆ ಸುತ್ತಿದ್ದ ಟವೆಲನ್ನು ಕೈಯಲ್ಲಿ ಹಿಡಿದಿದ್ದ. ಪ್ರಭಂಜನನ ಕಡೆ ಒಮ್ಮೆ ನೋಡಿ ಬಾಗಿಲು ಎಳೆದುಕೊಂಡ.

*

ವಾಲ್ದಿರ್ ಬದುಕಿದ. ಮೂರನೇ ವಾರಕ್ಕೆ ನಿಂತ. ಆದರೆ ನಡೆದರೆ ದೋಣಿಯಲ್ಲಿ ನಡೆದ ಹಾಗೆ ಓಲಾಡುತ್ತಿದ್ದ. ಲೋಟ ಹಿಡಿದರೆ ಅರ್ಧ ನೀರು ಅಂಗಿಯ ಮೇಲೆ. ಮಿದುಳಿನ ಹಿಂಭಾಗಕ್ಕೆ ತಾಪ ತಟ್ಟಿದೆ, ಸುಧಾರಿಸಬಹುದು, ಪೂರ್ತಿ ಅಲ್ಲ ಎಂದರು ಡಾಕ್ಟರು. ನೆಲ ಮಟ್ಟಸವಿದೆಯೋ ಇಲ್ಲವೋ ಎಂದು ಬರಿಗಣ್ಣಿನಲ್ಲಿ ಹೇಳುತ್ತಿದ್ದ ಮನುಷ್ಯ, ಈಗ ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದ.

ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಇಡೀ ತಂಡ ಪ್ರಭಂಜನನ ಸುತ್ತ ಕೂತಿತು. ನೆಲ್ಸನ್ ಹೇಳಿದ, "ಲೀಗಿಗೆ ಪತ್ರ ಬರಿ. ಅಂಥಾ ಬಿಸಿಲಲ್ಲಿ ಎರಡು ಗಂಟೆ ಯಾಕೆ ಕೊಟ್ಟಿರಿ ಅಂತ ಕೇಳು. ನಮ್ಮ ಇಂಗ್ಲಿಷಲ್ಲಿ ಅಲ್ಲ, ನಿನ್ನ ಇಂಗ್ಲಿಷಲ್ಲಿ."

ಅವನು ಬರೆದ. ಎರಡು ಪುಟ. ಅಷ್ಟು ಒಳ್ಳೆಯ ಪತ್ರವನ್ನು ಅವನು ಜೀವಮಾನದಲ್ಲಿ ಬರೆದಿರಲಿಲ್ಲ. ಆಟಗಾರರ ಜೀವಕ್ಕಿಂತ ವೇಳಾಪಟ್ಟಿ ದೊಡ್ಡದೇ ಎಂಬ ಸಾಲಿನಲ್ಲಿ ಅವನ ಕೈ ತಡೆಯಲಿಲ್ಲ. ಎಲ್ಲರಿಗೂ ಓದಿ ಹೇಳಿದ. ಹದಿನಾಲ್ಕು ಜನ ಸಹಿ ಹಾಕಿದರು. ವಾಲ್ದಿರ್ ಹಾಕಿದ ಸಹಿ ಗೆರೆಯಿಂದ ಗೆರೆಗೆ ಹಾರಿತ್ತು.

ಪತ್ರವನ್ನು ಅವನು ಕಳಿಸಲಿಲ್ಲ. ಕಳಿಸಿದ್ದರೆ ಲೀಗಿನವರು ಅವನದೇ ಕೈಬರಹದ ಫಾರಮನ್ನು ತೆಗೆದು ತೋರಿಸುತ್ತಿದ್ದರು. ಆಫೀಸಿನ ಮೇಜಿನ ಕೆಳಗಿನ ಖಾನೆಯಲ್ಲಿ, ಹಳೆಯ ಪೈಪ್‌ಲೈನ್ ನಕ್ಷೆಗಳಡಿ ಅದನ್ನಿಟ್ಟ. ತಿಂಗಳು ಕಳೆದ ಮೇಲೆ ನೆಲ್ಸನ್ ಕೇಳಿದ. "ಉತ್ತರ ಬಂದಿಲ್ಲ" ಎಂದ. ಅದು ನಿಜವೂ ಆಗಿತ್ತು. ನೆಲ್ಸನ್ ನೆಲಕ್ಕೆ ಉಗುಳಿ, ಅಮೆರಿಕದವರನ್ನು ಬೈಯುತ್ತ, "ಗ್ರಿಂಗೊಗಳು!" ಎಂದ.

ಅಕ್ಟೋಬರಿನಲ್ಲಿ ಇರಣ್ಣ ಫೋನ್ ಮಾಡಿದ್ದ. ಮಕ್ಕಳ ಸ್ಕೂಲು, ಆಸ್ಟಿನ್ನಿನ ಟ್ರಾಫಿಕ್ಕು ಎಲ್ಲ ಆದ ಮೇಲೆ ಕೇಳಿದ, "ಆ ಹುಡುಗ ಹೆಂಗಿದ್ದಾನ್ರೀ?"

"ನಡೀತಾನೆ."

"ನಾ ಆವತ್ತು ಚ್ಯಾಷ್ಟಿ ಮಾಡಿದ್ದು... ಯಾರ ಮುಂದೂ ಹೇಳಿಲ್ಲ ಮತ್ತ."

ಪ್ರಭಂಜನನಿಗೆ ಥ್ಯಾಂಕ್ಸ್ ಎನ್ನಬೇಕೆನಿಸಿತು. ಬದಲಿಗೆ, ಮಕ್ಕಳನ್ನು ಕೇಳಿದೆ ಅಂತ ಹೇಳಿ ಎಂದು ಫೋನ್ ಇಟ್ಟ.

ನವೆಂಬರಿನಲ್ಲಿ, ಮಿಸೌರಿ ಸಿಟಿಯಲ್ಲಿ ಹೊಸ ಮನೆ ಕೊಂಡಿದ್ದ ಸ್ನೇಹಿತೆ ವೈದೇಹಿಯ ಗೃಹಪ್ರವೇಶಕ್ಕೆ ಹೋಗುವ ದಾರಿಯಲ್ಲಿ, ಹೆಂಡತಿ ಭಾನುಮತಿ ಎಂದಿನಂತೆ ಏನೇನೋ ಹೇಳುತ್ತಿದ್ದಳು.

"ಪುರೋಹಿತರು ವೈದೇಹಿಗೆ ಚೆನ್ನಾಗಿ ಬೈದರಂತೆ ರೀ. ಬೆಂಗಳೂರು ಕ್ಯಾಲೆಂಡರ್ ನೋಡ್ಕೊಂಡು ಇಲ್ಲಿ ರಾಹುಕಾಲ ಲೆಕ್ಕ ಹಾಕ್ತಾರೇನಮ್ಮಾ ಅಂತ. ಇಲ್ಲಿ ಸೂರ್ಯ ಹುಟ್ಟೋದು ಯಾವಾಗ, ಮುಳುಗೋದು ಯಾವಾಗ, ಅದನ್ನ ಎಂಟು ಭಾಗ ಮಾಡ್ಬೇಕಂತೆ. ಭಾನುವಾರದ್ದು ಕೊನೇ ಭಾಗ. ನಾನೂ ಇಷ್ಟು ವರ್ಷ ಫ್ರಿಜ್ಜಿನ ಮೇಲಿರೋದೇ ನೋಡ್ತಿದ್ದೆ ನೋಡಿ!"

"ಹೂಂ."

"ಏನಾಯ್ತು? ನಾವು ಇಳೀಬೇಕಾದ ಎಕ್ಸಿಟ್ ಬಿಟ್ಟುಬಿಟ್ರಲ್ಲ!"

ಮರುದಿನ ಆಫೀಸಿನಲ್ಲಿ ಬಾಗಿಲು ಹಾಕಿಕೊಂಡು ಲೆಕ್ಕ ಹಾಕಿದ. ಸೆಪ್ಟೆಂಬರ್ ಮೂರು, ಹ್ಯೂಸ್ಟನ್. ಸೂರ್ಯೋದಯ ಏಳು, ಸೂರ್ಯಾಸ್ತ ಏಳೂ ಮುಕ್ಕಾಲು. ರಾಹುಕಾಲ ಶುರುವಾಗುವುದು ಆರು ದಾಟಿದ ಮೇಲೆ. ನಾಲ್ಕೂವರೆಗೆ ಶುರುವಾದ ಆಟ ಅಷ್ಟು ಹೊತ್ತಿಗೆ ಮುಗಿಯುತ್ತ ಬಂದಿರುತ್ತಿತ್ತು. ಎರಡನೇ ಸಲವೂ ಕೂಡಿಸಿ ಭಾಗಿಸಿ ನೋಡಿದ. ಆಮೇಲೆ ಕಾಗದವನ್ನು ಹರಿದ. ತಪ್ಪು ಲೆಕ್ಕ ಸಿಕ್ಕಿದ್ದಕ್ಕಿಂತ, ಲೆಕ್ಕ ಹಾಕಲು ಕೂತದ್ದೇ ನಾಚಿಕೆಗೇಡು ಎನಿಸಿತು. ಸರಿಯಾಗಿದ್ದಿದ್ದರೆ ನೆಮ್ಮದಿಯಾಗುತ್ತಿತ್ತೇ? ಆಗುತ್ತಿತ್ತು ಎಂದು ಅವನಿಗೆ ಗೊತ್ತಿತ್ತು.

*

ಡಿಸೆಂಬರಿನಲ್ಲಿ ವಾಲ್ದಿರ್ ಊರಿಗೆ ಹೊರಟ. ಅಲ್ಲಿ ಅವನ ಅಕ್ಕನ ಮನೆಯಿತ್ತು. ನೆಲ್ಸನ್‌ಗೆ ಕೆಲಸಕ್ಕೆ ರಜೆ ಸಿಗದೆ ಏರ್‌ಪೋರ್ಟಿಗೆ ಪ್ರಭಂಜನನೇ ಡ್ರೈವ್ ಮಾಡಿದ. ವಾಲ್ದಿರ್ ತಂಡದ ಹಸಿರು ಅಂಗಿ ತೊಟ್ಟಿದ್ದ. ಬೀಳದ ಹಾಗೆ ಊರುಗೋಲನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡಿದ್ದ. ಮಾತು ನಿಧಾನವಾಗಿತ್ತು. ಒಂದೊಂದು ಪದವನ್ನೂ ಎತ್ತಿ ಇಡುವಂತಿತ್ತು.

"ನಾವು ಇಳಿಯಲಿಲ್ಲ, ಅಲ್ವಾ ದೊತೊರ್?"

"ಇಲ್ಲ."

"ಅಕ್ಕನ ಮಗನಿಗೆ ಅದನ್ನೇ ಹೇಳ್ತೀನಿ."

ಏರ್‌ಪೋರ್ಟಿನ ಪಾರ್ಕಿಂಗಿನಲ್ಲಿ ಇಂಜಿನ್ ನಿಲ್ಲಿಸಿದಾಗ ವಾಲ್ದಿರ್ ಅವನ ತೋಳು ಹಿಡಿದ.

"ನಿನಗೊಂದು ವಿಷಯ ಹೇಳಬೇಕು. ನೆಲ್ಸನ್‌ಗೆ ಹೇಳಬೇಡ. ಆವತ್ತು ಬೆಳಿಗ್ಗೆ ನನಗೆ ಜ್ವರ ಇತ್ತು. ನೆಗಡಿ ಮಾತ್ರೆ ಎರಡು ನುಂಗಿ ಬಂದಿದ್ದೆ. ಹೇಳಿದ್ದರೆ ಅವನು ಆಡಿಸ್ತಿರಲಿಲ್ಲ. ಆಸ್ಪತ್ರೆಯ ಡಾಕ್ಟರು ಹೇಳಿದರು, ಜ್ವರ ಇದ್ದವನು ಬಿಸಿಲಿಗೆ ಇಳಿಯಲೇಬಾರದಿತ್ತು ಅಂತ."

ಪ್ರಭಂಜನ ಸ್ಟಿಯರಿಂಗಿನ ಮೇಲಿನ ತನ್ನ ಕೈಗಳನ್ನು ನೋಡುತ್ತಿದ್ದ.

"ಲೀಗಿನವರನ್ನು ಬೈದು ನೀನು ಎರಡು ಪುಟ ಬರೆದೆ. ಪಾಪ, ಅವರದೇನು ತಪ್ಪು? ಸಹಿ ಹಾಕುವಾಗಲೇ ಹೇಳಬೇಕಿತ್ತು, ಬಾಯಿ ಬರಲಿಲ್ಲ. ಇನ್ನೊಂದು ಪತ್ರ ಬರೀತೀಯಾ? ಕ್ಷಮಿಸಿ ಅಂತ. ತಪ್ಪು ಆಟಗಾರನದು ಅಂತ."

"ಬರೀತೀನಿ."

"ಖಂಡಿತಾ?"

"ಖಂಡಿತ. ಪಾಸ್‌ಪೋರ್ಟ್ ಇದೆಯಾ? ನೋಡ್ಕೋ."

ವಾಲ್ದಿರ್ ಜೇಬು ತಡವಿ ತೋರಿಸಿದ. ಹಗುರಾದವನಂತೆ ನಕ್ಕ. ಗೇಟಿನ ಹತ್ತಿರ ಅಪ್ಪಿಕೊಂಡಾಗ ಅವನ ಇಡೀ ಭಾರ ಪ್ರಭಂಜನನ ಮೇಲೆ ಬಿತ್ತು. ನಿಲ್ಲಲು ಅವನಿಗೆ ಅದು ಬೇಕಾಗಿತ್ತು. ಆಮೇಲೆ ಊರುಗೋಲು ಊರುತ್ತ, ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತ, ಆ ಹಸಿರು ಅಂಗಿ ಜನರ ನಡುವೆ ಹೋಯಿತು.

ಎರಡನೆಯ ಪತ್ರವನ್ನು ಪ್ರಭಂಜನ ಬರೆಯಲೂ ಇಲ್ಲ. ನಾಲ್ಕೂವರೆಯ ಮೈದಾನ ಖಾಲಿ ಇತ್ತು, ಎರಡು ಗಂಟೆಯನ್ನು ಆರಿಸಿದವನು ತಾನು ಎಂದು ಅವನು ವಾಲ್ದಿರ್‌ಗೆ ಹೇಳಲಿಲ್ಲ.